ಜೋಡಿ ತಪ್ಪಿದ ಕೆಂಪು ಮೀನು

ಒಂದು ಊರು, ಊರಿಗೊಂದು ಹೊಂಡ, ಹೊಂಡದ ಹಿಂದಿನ ಬೀದಿಯಲ್ಲಿ ನೀಲಾಂಬಿಕಮ್ಮನ ಮನೆ. ಆ ಬೀದಿಗೆಲ್ಲ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದವಳು ಅವಳೊಬ್ಬಳೇ. ಒಂದು ಜೋಡಿ ಕೆಂಪು ಮೀನು. ಒಬ್ಬನೇ ಮಗ, ಮುರಿಗೆಪ್ಪ. ಮೀನಿನ ಬಗ್ಗೆ ತಾಯಿಗೆ ಹೆಮ್ಮೆ. ಮಗನಿಗೆ ತನ್ನ ಬಗ್ಗೆಯೇ ಹೆಮ್ಮೆ: ತಾಯಿಯ ಮಾತನ್ನು ಅವನು ಒಮ್ಮೆಯೂ ಮೀರಿದವನಲ್ಲ. ತಾಯಿಯ ಕಷ್ಟವೆಲ್ಲ ಅಲ್ಲೇ ಇತ್ತು.

ಒಂದು ಬೆಳಿಗ್ಗೆ ಅವಳು ಮಠಕ್ಕೆ ಹೊರಟಳು. "ಮುರಿಗೀ, ಮೀನನ್ನ ಮನೆ ಮಕ್ಕಳ ಹಾಗೆ ನೋಡ್ಕೊಳೋ."

ಬಂದು ನೋಡಿದರೆ ಒಂದು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದೆ. ಮೈಯೆಲ್ಲ ಹರಳೆಣ್ಣೆ.

"ಏನೋ ಮಾಡಿದೆ?"

"ಎಣ್ಣೆ ಸ್ನಾನ ಮಾಡಿಸಿದೆ ಅಮ್ಮ! ಚಿಕ್ಕವನಿದ್ದಾಗ ನನಗೆ ಮಾಡಿಸ್ತಿರಲಿಲ್ವಾ? ಇನ್ನೊಂದು ಕೈಗೇ ಸಿಗಲಿಲ್ಲ. ಹಟಮಾರಿ."

"ಅಯ್ಯೋ ಪೆದ್ದೇ!"

ಅವತ್ತೇ ಸಂಜೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮುರಿಗೆಪ್ಪನನ್ನು ಒಪ್ಪಿದ ಮನೆ ಅದೊಂದೇ. ಜೋಡಿ ತಪ್ಪಿದ ಮೀನು ಕಣ್ಣಿಗೆ ಬಿದ್ದರೆ ಅಪಶಕುನವೆಂದು ಎದ್ದು ಹೋದಾರು. ತೊಟ್ಟಿಯನ್ನೇ ಎತ್ತಿಡೋಣವೆಂದರೆ, ಅದರ ಸುದ್ದಿಯನ್ನು ಅವರ ಊರಿನವರೆಗೂ ಮುಟ್ಟಿಸಿದ್ದವಳು ಇವಳೇ. ಹೊಸದು ತಂದರೆ ಇವನ ಕೈಯಲ್ಲಿ ಅದು ಉಳಿದೀತೆ? ನೀಲಾಂಬಿಕಮ್ಮ ಕೂತು ಯೋಚಿಸಿದಳು, ನಿಂತು ಯೋಚಿಸಿದಳು. ಕೊನೆಗೆ ತರಿಸುವುದೇ ಸರಿ ಎಂದುಕೊಂಡಳು.

"ಸತ್ತದ್ದನ್ನೂ ಜೊತೆಗೆ ತಗೊಂಡು ಹೋಗೋ. ಥೇಟ್ ಇದರ ಹಾಗೇ ಇರೋದು ತರಬೇಕು. ಕೂದಲೆಳೆ ವ್ಯತ್ಯಾಸ ಇರಕೂಡದು!"

ಅಂಗಡಿಯವನು ಬಲೆಯಲ್ಲಿ ಒಂದನ್ನು ಎತ್ತಿ ತೋರಿಸಿದ.

"ಇದು ಬಾಲ ಆಡಿಸ್ತದೆ. ನಮ್ಮದು ಆಡಿಸಲ್ಲ."

ಇನ್ನೊಂದು ತೋರಿಸಿದ.

"ಇದು ಬಾಯಿ ತೆಗೀತದೆ. ಬೇಡ."

"ಅಣ್ಣಾ, ನಿನಗೆ ಬೇಕಾದ್ದು ಇಲ್ಲಿದೆ," ಎಂದ ಅಂಗಡಿಯವನು, ಹಿಂದಿನ ಬಕೆಟ್ಟಿನಿಂದ ಬೆಳಿಗ್ಗೆ ಸತ್ತಿದ್ದ ಒಂದನ್ನು ಎತ್ತಿ ಕೊಟ್ಟ. ಮುರಿಗೆಪ್ಪನ ಮುಖ ಅರಳಿತು. ಎದೆಯುಬ್ಬಿಸಿಕೊಂಡು ಮನೆಗೆ ಬಂದ.

"ಅಮ್ಮಾ! ಪಕ್ಕಪಕ್ಕ ಇಟ್ಟಿದೀನಿ ನೋಡು. ನಮ್ಮದು ಯಾವುದು ಹೇಳು ನೋಡೋಣ!"

"ಅಯ್ಯೋ ಪೆದ್ದೇ! ಅಯ್ಯೋ ಮುಠ್ಠಾಳ! ಇನ್ನು ಮೇಲೆ ಹೊರಗಿಂದ ಈ ಮನೆಗೆ ಏನೇ ಬರಲಿ, ಮೊದಲು ನೀರಿಗೆ ಬಿಟ್ಟು ನೋಡು! ಈಜಿದರೆ ಮನೆಗೆ, ಈಜದಿದ್ದರೆ ಅಲ್ಲೇ ಬಿಟ್ಟು ಬಾ!"

"ಸರಿ ಅಮ್ಮ."

ಇವನನ್ನು ಮತ್ತೆ ಅಂಗಡಿಗೆ ಕಳಿಸುವ ಧೈರ್ಯ ಅವಳಿಗಿರಲಿಲ್ಲ. "ನಾನೇ ಹೋಗಿ ತರ್ತೀನಿ. ನೀನು ಬಸ್ ನಿಲ್ದಾಣಕ್ಕೆ ಹೋಗಿ ಹೆಣ್ಣಿನ ಕಡೆಯವರನ್ನ ಮನೆಗೆ ಕರ್ಕೊಂಡು ಬಾ. ಅಷ್ಟಾದರೂ ಮಾಡು!"

ತಾಯಿ ಜೀವಂತ ಮೀನನ್ನೇ ತಂದಳು. ತೊಟ್ಟಿಗೆ ಬಿಟ್ಟು ದೀಪ ಹಾಕಿದಳು. ಜೋಡಿ ಮೀನು ಜಗಮಗ ಓಡಾಡಿದವು. ರೇಷ್ಮೆ ಸೀರೆಯುಟ್ಟು, ರಾಣಿಯ ಹಾಗೆ ಬಾಗಿಲಲ್ಲಿ ನಿಂತಳು.

ಮುರಿಗೆಪ್ಪ ಬಂದ. ಒಬ್ಬನೇ ಬಂದ. ಅವನೂ ರಾಜನ ಹಾಗೇ ಬಂದ.

"ಎಲ್ಲೋ ಅವರು?"

"ದಾರಿಯಲ್ಲೇ ಹೊಂಡ ಇತ್ತಲ್ಲಮ್ಮ, ಅಲ್ಲೇ ನೀರಿಗೆ ಬಿಟ್ಟು ನೋಡಿದೆ. ಹುಡುಗಿಯ ಅಪ್ಪ ಬಹಳ ಚೆನ್ನಾಗಿ ಈಜ್ತಾರೆ! ಬನ್ನಿ ಮನೆಗೆ ಅಂತ ಎಷ್ಟು ಕರೆದರೂ ಕೇಳಲಿಲ್ಲ, ಒದ್ದೆ ಬಟ್ಟೆಯಲ್ಲೇ ಬಸ್ಸಿನ ಕಡೆ ಓಡಿದರು. ಹುಡುಗಿಯ ಸೋದರಮಾವನಿಗೆ ಮಾತ್ರ ಈಜು ಬರಲ್ಲ. ಮೆಟ್ಟಿಲು ತಬ್ಬಿಕೊಂಡು ಬೈತಾ ಕೂತಿದ್ದಾರೆ. ಅವರನ್ನ ಅಲ್ಲೇ ಬಿಟ್ಟು ಬಂದೆ."