ಮಹಾಕಾವ್ಯ ಹಿಡಿಸದ ಹುಳು

ಊರ ವಾಚನಾಲಯದ ಬೀರುವಿನಲ್ಲಿ ಒಂದು ಮಹಾಕಾವ್ಯವಿತ್ತು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಯ ದಿನ ಅದನ್ನು ಹೊರತೆಗೆದು, ಕುಂಕುಮ ಹಚ್ಚಿ, ಕೈಮುಗಿದು, ಮತ್ತೆ ಒಳಗಿಡುತ್ತಿದ್ದರು. ಯಾರು ಅದನ್ನು ಹೊಗಳಿದರೂ ಬೀರುವಿನಲ್ಲಿದ್ದ ಹಲ್ಲಿ 'ಲೊಚ್ ಲೊಚ್' ಎಂದು ಅನುಮೋದಿಸುತ್ತಿತ್ತು.

ಒಂದು ದಿನ ಪುಸ್ತಕದ ಹುಳುವೊಂದು ಆ ಕಾವ್ಯದೊಳಗಿಂದ ತಲೆ ಹೊರಹಾಕಿ, "ನನಗೆ ಹಿಡಿಸಲಿಲ್ಲ" ಎಂದಿತು.

ಹಲ್ಲಿಗೆ ಬಾಲ ಕಳಚಿ ಬೀಳುವಷ್ಟು ಗಾಬರಿಯಾಯಿತು. "ಮೆಲ್ಲಗೆ ಮಾತಾಡೋ! ಎಲ್ಲರೂ ಮೆಚ್ಚಿದ ಕಾವ್ಯ ಇದು. ತಪ್ಪಾಯಿತು ಅನ್ನು, ಇಲ್ಲವಾದರೆ ಪುಸ್ತಕ ಬಿಟ್ಟು ಹೊರಗೆ ಬಾ."

"ಹೊರಗೆ ಬಂದರೆ ನೀವು ತಿನ್ನುತ್ತೀರಿ, ಹಲ್ಲಿಯಣ್ಣ."

"ತಿನ್ನುತ್ತೇನೆ."

"ಆದರೂ ಏಳನೆಯ ಸರ್ಗದಲ್ಲಿ ರಾಣಿ ಅಳುತ್ತಿರುವಾಗ ಕವಿ ಹೂತೋಟ ವರ್ಣಿಸುತ್ತ ಕೂತದ್ದು ನನಗೆ ಹಿಡಿಸಲಿಲ್ಲ." ಹುಳು ಕಾವ್ಯದ ಕಡೆ ತಿರುಗಿ, "ಕ್ಷಮಿಸಿ ಅಜ್ಜ, ನಾನು ಬರುತ್ತೇನೆ" ಎಂದು ಹೊರಟಿತು.

"ನಿಲ್ಲಪ್ಪ," ಎಂದಿತು ಮಹಾಕಾವ್ಯ. ಎಷ್ಟೋ ವರ್ಷ ಮಾತಾಡದ ಅದರ ದನಿ ನಡುಗುತ್ತಿತ್ತು. "ಏಳನೆಯ ಸರ್ಗದವರೆಗೂ ಹೋಗಿದ್ದೆಯಾ?"

"ಹೋಗಿದ್ದೆ ಅಜ್ಜ."

"ರಾಣಿ ಅತ್ತದ್ದು ಕೇಳಿಸಿತಾ?"

"ಕೇಳಿಸಿತು. ಅದಕ್ಕೇ ಸಿಟ್ಟು ಬಂತು."

"ಅವಳು ಅಲ್ಲಿ ಅಳುತ್ತಿರುವುದು ಈ ಊರಿನಲ್ಲಿ ಇನ್ನಾರಿಗೂ ಗೊತ್ತಿಲ್ಲ" ಎಂದ ಕಾವ್ಯ, ಕುಂಕುಮ ಮೆತ್ತಿದ ತನ್ನ ರಟ್ಟನ್ನು ಕೊಂಚ ಮೇಲೆತ್ತಿತು. "ಒಳಗೆ ಬಾ. ಎಂಟನೆಯ ಸರ್ಗವನ್ನೂ ಬೈಯುವೆಯಂತೆ."

ಹಲ್ಲಿ ಅಭ್ಯಾಸಬಲದಿಂದ 'ಲೊಚ್ ಲೊಚ್' ಎಂದಿತು.