ಏಳನೆಯ ಗಡಿಗೆ

"ಬುದ್ಧಿ, ಒಂದು ವೆಬ್‌ಸೈಟನ್ನು ಎಲ್ಲಿ ಇಡಬೇಕು?"

ಗುರುಮಲ್ಲಪ್ಪ ಕೇಳಿದ್ದು ಇಷ್ಟೇ. ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರದು ವೆಬ್‌ಸೈಟು?"

"ನಮ್ಮ ದುಂಡಮ್ಮನದು."

ದುಂಡಮ್ಮ ಅವನ ಹೆಂಡತಿ. ತೀರಿಕೊಂಡು ಹನ್ನೊಂದು ತಿಂಗಳು. ನಾಟಿ ಬೀಜಗಳನ್ನು ಕಾಪಾಡಿಕೊಂಡು ಬಂದವಳು. ಗುರುವಾರ ಗುರುವಾರ ಸಂತೆಗೆ ಹೋಗುವಳು. ಕೇಳಿದವರಿಗೆ ಬೀಜ ಕೊಡುವಳು. ಯಾವುದನ್ನು ಬೂದಿಯಲ್ಲಿ ಇಡಬೇಕು, ಯಾವುದನ್ನು ಸೋರೆ ಬುರುಡೆಯಲ್ಲಿ, ಯಾವ ಮಳೆಗೆ ಯಾವುದನ್ನು ಹಾಕಬೇಕು, ಎಲ್ಲ ಹೇಳಿ ಕಳಿಸುವಳು. ಅವಳು ಹೇಳಿದ್ದನ್ನು ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಈಗ ವೆಬ್‌ಸೈಟಿಗೆ ಸಿದ್ಧ ಮಾಡಿದ್ದಳು. ಮುಂಗಾರಿನೊಳಗೆ ಅದು ಜನರ ಕೈಗೆ ಸಿಗಬೇಕು.

ಗುರುಮಲ್ಲಪ್ಪ ಹೇಳಿದ: "ಪೇಟೆಯ ಅಂಗಡಿಯವನು ಮೂರು ಬಗೆ ಹೇಳುತ್ತಾನೆ. ಒಂದು ದೊಡ್ಡ ಕಂಪ್ಯೂಟರು. ಸರ್ವರ್ ಅನ್ನುತ್ತಾರೆ. ಅದರೊಳಗೆ ನೂರಾರು ಜನರ ವೆಬ್‌ಸೈಟು. ನಮ್ಮದೂ ಅವುಗಳ ಜೊತೆಗೆ. ಅದು ಮೊದಲನೆಯದು. ಅದರಲ್ಲೇ ನಮಗೆ ಅಂತ ಒಂದು ಪಾಲು ಬೇರೆ ಮಾಡಿಕೊಡುವುದು ಎರಡನೆಯದು. ಮೂರನೆಯದು ಇಡೀ ಸರ್ವರೇ ನಮ್ಮದು. ನೋಡಿಕೊಳ್ಳುವವರೂ ನಾವೇ."

"ನಿನ್ನ ಮನಸ್ಸು ಎಲ್ಲಿದೆ?"

"ಮೂರನೆಯದರಲ್ಲಿ. ಮೊದಲನೆಯದರಲ್ಲಿ ಒಂದು ಕೋಳಿ ಅಂಗಡಿಯ ವೆಬ್‌ಸೈಟು ಇದೆ, ಬುದ್ಧಿ. ಒಂದು ಚೀಟಿ ವ್ಯವಹಾರದವನದೂ ಇದೆ. ಅವುಗಳ ನಡುವೆ ಅವಳನ್ನು ಹೇಗೆ ಇಡಲಿ? ಅವಳು ಸಾಕಿದ ಎಮ್ಮೆ ಇದೆ. ಮಾರಿದರೆ ಇಡೀ ಸರ್ವರು ಸಿಗುತ್ತದೆ. ನಾಳೆ ದಲ್ಲಾಳಿ ಬರುತ್ತಾನೆ."

"ವೆಬ್‌ಸೈಟಿಗೆ ದಿನಕ್ಕೆ ಎಷ್ಟು ಜನ ಬಂದಾರು?"

"ಅದು ಗೊತ್ತಿಲ್ಲ."

ಗುರುಗಳು ಅವರೆಕಾಯಿಯ ಮೊರವನ್ನು ಅವನ ಕಡೆ ಸರಿಸಿದರು. ಅವನೂ ಕೂತು ಸುಲಿಯತೊಡಗಿದ. ಗುರುಗಳು ಒಂದು ಕಥೆ ಹೇಳಿದರು.

ಒಬ್ಬ ರೈತ. ಅವನ ಹೆಂಡತಿ ಬೇಸಿಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಇಡುತ್ತಿದ್ದಳು. ಮರದ ಕೆಳಗೆ ಒಂದು ಗಡಿಗೆ ನೀರು. ಒಂದು ಚಿಪ್ಪಿನ ಸೌಟು. ದಾರಿಹೋಕರು ಕುಡಿದು ಹೋಗುತ್ತಿದ್ದರು. ಒಂದು ವರ್ಷ ಅವಳು ಹೋದಳು. ಆ ವರ್ಷದ ಗಾಳಿಗೆ ಮರವೂ ಬಿತ್ತು. ಗಡಿಗೆ ಉಳಿಯಿತು.

ಬೇಸಿಗೆ ಬಂತು. ಗಡಿಗೆಯನ್ನು ಎಲ್ಲಿ ಇಡಲಿ ಎಂದು ರೈತ ಊರ ಯಜಮಾನನನ್ನು ಕೇಳಿದ.

ಯಜಮಾನ ಹೇಳಿದ: "ಮೂರು ದಾರಿ ಕೂಡುವಲ್ಲಿ ಚಾವಡಿ ಇದೆ. ಆರು ಗಡಿಗೆ ಆಗಲೇ ಇವೆ. ನಿನ್ನದು ಏಳನೆಯದು. ನೆರಳಿದೆ. ಬಾವಿ ಪಕ್ಕದಲ್ಲೇ ಇದೆ. ಕಸ ಗುಡಿಸುವವನೂ ಇದ್ದಾನೆ."

"ಆ ಆರು ಯಾರವು?"

"ಗಾಣದವನದು ಒಂದು. ಬಡ್ಡಿ ವ್ಯಾಪಾರದವನದು ಒಂದು. ಯಾರದಾದರೇನಪ್ಪ, ನೀರು ತಾನೇ?"

"ಬಡ್ಡಿಯವನ ಗಡಿಗೆಯ ಪಕ್ಕದಲ್ಲಿ ನನ್ನವಳದೇ?"

"ಹಾಗಾದರೆ ಒಂದು ಮೂಲೆಗೆ ತಡಿಕೆ ಕಟ್ಟಿಸಿಕೊಡುತ್ತೇನೆ. ಸೂರು ಒಂದೇ, ಜಾಗ ನಿನ್ನದು."

ರೈತ ಅದಕ್ಕೂ ಒಪ್ಪಲಿಲ್ಲ. ಜೋಡಿ ಎತ್ತು ಮಾರಿದ. ತನ್ನ ಹೊಲದ ಅಂಚಿನಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪ ಕಟ್ಟಿಸಿದ. ಕಲ್ಲಿನಲ್ಲಿ ಅವಳ ಹೆಸರು ಕೊರೆಸಿದ. ನಡುವೆ ಪೀಠ ಮಾಡಿಸಿ ಗಡಿಗೆ ಇಟ್ಟ. ಅಲ್ಲಿಗೆ ಬಾವಿ ದೂರ. ಗಾಡಿಗೆ ಎತ್ತಿಲ್ಲ. ಹೆಗಲ ಮೇಲೆ ನೀರು ಹೊತ್ತ.

ಜನ ಬಂದರು. ಮಂಟಪ ನೋಡಿದರು. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈ ಮುಗಿದರು. ಯಾರೋ ಗಡಿಗೆಗೆ ವಿಭೂತಿ ಬಳಿದರು. ಯಾರೋ ಹೂವು ಏರಿಸಿದರು. ಯಾರೂ ಕುಡಿಯಲಿಲ್ಲ. ರೈತ ಬೆಳಗ್ಗೆ ತುಂಬಿದ ನೀರು ಸಂಜೆಗೆ ಹಾಗೇ ಇರುತ್ತಿತ್ತು. ಹಳೆಯದನ್ನು ಚೆಲ್ಲಿ ಹೊಸದನ್ನು ಹೊತ್ತು ತರುತ್ತಿದ್ದ. ಬೇಸಿಗೆಯ ಅರ್ಧ ಹೀಗೇ ಹೋಯಿತು.

ಒಂದು ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ತುಟಿ ಒಡೆದಿತ್ತು. ಅವಳೂ ಕೈ ಮುಗಿದಳು.

ರೈತ ಸೌಟು ತುಂಬಿಸಿ ಹಿಡಿದ. "ಕುಡಿಯವ್ವ."

ಮುದುಕಿ ಬಲಗೈ ಕುಳಿ ಮಾಡಿ ಒಡ್ಡಿದಳು. "ಎರಡು ಹನಿ ತೀರ್ಥ ಸಾಕಪ್ಪ. ದೇವರ ಮುಂದಿನ ನೀರನ್ನು ಗಟಗಟ ಕುಡಿದರೆ ಒಳ್ಳೆಯದಾಗುತ್ತದೆಯೇ? ಬಾಯಾರಿಕೆಗೆ ಚಾವಡಿ ಇದೆಯಲ್ಲ."

ಎರಡು ಹನಿ ಕುಡಿದಳು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು. ಚಪ್ಪಲಿ ಮೆಟ್ಟಿ ಚಾವಡಿಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ಬಿಸಿಲಿಗೆ ಕುಸಿದು ಕೂತಳು.

ರೈತ ನೋಡಿದ. ಗಡಿಗೆಯನ್ನೇ ಪೀಠದಿಂದ ಎತ್ತಿಕೊಂಡು ಓಡಿದ. ದಾರಿಯ ನಡುವೆ, ದೂಳಿನಲ್ಲಿ, ಗಡಿಗೆ ಬಗ್ಗಿಸಿದ. ಅವಳು ಎರಡೂ ಕೈ ಒಡ್ಡಿ ಗಟಗಟ ಕುಡಿದಳು.

ಮರುದಿನ ರೈತ ಗಡಿಗೆಯ ವಿಭೂತಿ ತೊಳೆದ. ಚಾವಡಿಗೆ ಒಯ್ದು ಏಳನೆಯದಾಗಿ ಇಟ್ಟ. ಸಂಜೆಗೆ ಅದು ಬರಿದಾಗಿತ್ತು.

ಮುಂದಿನ ಬೇಸಿಗೆಗೆ ಜನ ಹೆಚ್ಚಾದರು. ಆರು ಗಡಿಗೆಯ ಮುಂದಿನ ಗುಂಪಿನಲ್ಲಿ ಏಳನೆಯದಕ್ಕೆ ಕೈ ಎಟುಕದಾಯಿತು. ಆಗ ಯಜಮಾನನನ್ನು ಕೇಳಿ ಮೂಲೆಗೆ ತಡಿಕೆ ಕಟ್ಟಿಸಿಕೊಂಡ. ಗಡಿಗೆ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದ. ಅಷ್ಟೇ ಕೆಲಸ.

ಗುರುಗಳು ನಿಲ್ಲಿಸಿದರು. ಮೊರದಲ್ಲಿ ಕಾಯಿ ಮುಗಿಯುತ್ತ ಬಂದಿತ್ತು.

"ಮಂಟಪ ಏನಾಯಿತು, ಬುದ್ಧಿ?"

"ಅಲ್ಲಿ ಸೋಮವಾರ ಕಾಯಿ ಒಡೆಯುತ್ತಾರೆ. ಪೂಜಾರಿ ಒಬ್ಬ ಬಂದು ಸೇರಿದ್ದಾನೆ. ರೈತ ಹೋದರೆ, ಚಪ್ಪಲಿ ಹೊರಗೆ ಬಿಡಯ್ಯ ಎಂದು ಗದರುತ್ತಾನೆ."

ಗುರುಮಲ್ಲಪ್ಪ ನಗಲಿಲ್ಲ. ಒಂದು ಕಾಯಿ ಸುಲಿದ. ಇನ್ನೊಂದು ಸುಲಿದ.

"ದಲ್ಲಾಳಿಗೆ ಬರಬೇಡ ಎಂದು ಹೇಳಿ ಕಳಿಸುತ್ತೇನೆ" ಎಂದ. ಮತ್ತೊಂದು ಕಾಯಿಗೆ ಕೈ ಹಾಕುತ್ತ, "ಆದರೂ ಬುದ್ಧಿ, ಕೋಳಿ ಅಂಗಡಿ. ಅವಳು ಲಿಂಗ ಕಟ್ಟಿದವಳು. ಅದರ ಪಕ್ಕದಲ್ಲಿ ಹೇಗೆ ಇರುತ್ತಾಳೆ?" ಎಂದ.

ಗುರುಗಳು ಕೊನೆಯ ಕಾಯಿಯನ್ನು ಕೈಗೆತ್ತಿಕೊಂಡರು.

"ಇಪ್ಪತ್ತು ವರ್ಷ ದುಂಡಮ್ಮ ಸಂತೆಯಲ್ಲಿ ಒಣಮೀನಿನವಳ ಪಕ್ಕದಲ್ಲೇ ಕೂತು ಬೀಜ ಕೊಟ್ಟಳಲ್ಲವೇನಯ್ಯ?"