ನೂರಕ್ಕೆ ಹತ್ತು

ಸೇತುವೆ ಮೇಲಿಂದ ಎಣ್ಣೆಯ ಟ್ಯಾಂಕರೊಂದು ಹಿನ್ನೀರಿಗೆ ಉರುಳಿತ್ತು. ಎಣ್ಣೆ ಯಾವ ಕಡೆ ಸಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವನು ಸುಮಂತ. ಅವನ ಗುರು ಚಿದಂಬರಯ್ಯ ನೀರಿನ ಓಟವನ್ನು ನಲವತ್ತು ವರ್ಷ ಕಲಿಸಿದವರು. ಈಗ ದಡದ ತಗಡಿನ ಶೆಡ್ಡಿನಲ್ಲಿ ಒಬ್ಬಿಬ್ಬರು ಶಿಷ್ಯರನ್ನಿಟ್ಟುಕೊಂಡಿದ್ದರು.

ಗಾಳಿಯನ್ನು ಒಂದೊಂದು ಸಲ ಒಂದೊಂದು ತರ ಬದಲಿಸಿ ಸುಮಂತ ನೂರು ಸಲ ಲೆಕ್ಕ ಓಡಿಸಿದ. ತೊಂಬತ್ತು ಸಲ ಎಣ್ಣೆ ಅಣೆಕಟ್ಟಿನ ಕಡೆ ಹೋಯಿತು. ಹತ್ತು ಸಲ ಗಾಳಿ ತಿರುಗಿ, ಎಣ್ಣೆ ಮೇಲಿನ ಮೀನುಗಾರರ ಹಟ್ಟಿಗೆ ಬಂತು. ತೊಂಬತ್ತು ಸಿಕ್ಕ ಮೇಲೆ ಹತ್ತು ಯಾರಿಗೆ ಬೇಕು?

ಆ ಹಟ್ಟಿಯ ದುರುಗಮ್ಮ ನೀರಿನಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕಿದ್ದಳು. ಪಂಜರವನ್ನು ಬೇರೆ ಕಡೆ ಎಳೆದೊಯ್ಯಲೇ ಎಂದು ಬಂದು ಕೇಳಿದಳು. ಆ ಬಿಸಿಲಿನಲ್ಲಿ ಎಳೆದರೆ ಕಾಲುಪಾಲು ಮೀನು ಸಾಯುತ್ತಿದ್ದವು.

ಎಣ್ಣೆ ನಿಮ್ಮ ಕಡೆ ಬರುವುದಿಲ್ಲ, ನಿಶ್ಚಿಂತೆಯಿಂದಿರಿ ಎಂದ ಸುಮಂತ.

ಮರುದಿನ ಮಧ್ಯಾಹ್ನ ಗಾಳಿ ತಿರುಗಿತು. ಸಂಜೆಯ ಹೊತ್ತಿಗೆ ಪಂಜರದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ದುರುಗಮ್ಮನ ಬದುಕಿಗೆ ಇದ್ದದ್ದು ಅಷ್ಟೇ.

ಬೆಳಗ್ಗೆ ಸುಮಂತ ಗುರುವಿನ ಮುಂದೆ ನಿಂತ. ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಕೇಳಿದ.

ಗುರು ಎಲ್ಲವನ್ನೂ ಸಾಲು ಸಾಲಾಗಿ ನೋಡಿ, ಲೆಕ್ಕ ಸರಿಯಿದೆ ಎಂದರು. ಸುಮಂತನಿಗೆ ಹೋದ ಜೀವ ಬಂತು.

"ಹತ್ತರ ಮಾತು ಆಕೆಗೆ ಹೇಳಿದ್ದೆಯಾ?"

"ಇಲ್ಲ ಗುರುಗಳೇ. ಅವರಿಗೆ ಅದೆಲ್ಲ ಅರ್ಥವಾಗಲ್ಲ ಅಂದುಕೊಂಡೆ."

ಗುರು ಚಪ್ಪಲಿ ಮೆಟ್ಟಿ ಹಟ್ಟಿಗೆ ಹೊರಟರು. ಶಿಷ್ಯ ಹಿಂದೆ ನಡೆದ.

ದುರುಗಮ್ಮ ಸತ್ತ ಮೀನನ್ನು ಬುಟ್ಟಿಗೆ ತುಂಬುತ್ತಿದ್ದಳು. ಮೊಣಕೈವರೆಗೂ ಎಣ್ಣೆ ಮೆತ್ತಿತ್ತು. ಗುರುವೂ ನೀರಿಗಿಳಿದು ತುಂಬತೊಡಗಿದರು.

"ಹತ್ತು ಸಲ ಬಲೆ ಬೀಸಿದರೆ ಬರಿ ಬಲೆ ಎಷ್ಟು ಸಲ ಬರ್ತದೆ ತಾಯಿ?"

"ಮೂರು ಸಲನಾದ್ರೂ ಬರ್ತೈತ್ರೀ. ಅದು ಗೊತ್ತಿದ್ದೇ ಬೀಸ್ತೀವಿ."

ನಾಚಿಕೆಯಿಂದ ಸುಮಂತನ ತಲೆ ತಗ್ಗಿತು.

"ಹತ್ತರಲ್ಲಿ ಒಂದು ಸಲ ಎಣ್ಣೆ ಇತ್ತ ಬರಬಹುದು ಅಂದಿದ್ದರೆ ಏನು ಮಾಡ್ತಿದ್ದೆ?" ಗುರು ಮತ್ತೆ ಕೇಳಿದರು.

"ಪಂಜರ ಎಳೀತಿದ್ದೆ. ಕಾಲುಪಾಲು ಸತ್ರ ಸಾಯ್ಲಿ, ಉಳದದ್ದು ಉಳೀತಿತ್ತು."

ಹೇಳುತ್ತಲೇ ಅವಳ ಕೈ ನಿಂತಿತು. ಸುಮಂತನ ಕಡೆ ತಿರುಗಿದಳು.

"ತಮ್ಮಾ, ನಿನಗ ಮೊದ್ಲ ಗೊತ್ತಿತ್ತೇನು?"

ಸುಮಂತ ಗುರುವಿನ ಮುಖ ನೋಡಿದ.

ಗುರು ಬುಟ್ಟಿಯಿಂದ ಕಣ್ಣೆತ್ತಲಿಲ್ಲ.

"ಆಕೆ ಕೇಳಿದ್ದು ನನ್ನನ್ನಲ್ಲ."